ತಲೆಗೊಂದು ಪಾಲು

ಬಸವಂತರಾಯನ ಒಲೆಯ ಉರಿ ಆ ಬೆಳಿಗ್ಗೆ ಒಮ್ಮೆ ಕೆಮ್ಮಿ ಸಣ್ಣಗಾಯಿತು. ಸಿಲಿಂಡರನ್ನು ಅಲುಗಿಸಿದ, ಅಡ್ಡ ಮಲಗಿಸಿದ, ಶಿವನಾಮ ಹೇಳುತ್ತ ಮತ್ತೆ ನೆಟ್ಟಗೆ ಕೂರಿಸಿದ. ಊಟದ ಹೊತ್ತಿನ ಗುಮಾಸ್ತನಂತೆ ಅದು ಒಮ್ಮೆ ತಲೆ ಎತ್ತಿ ನೋಡಿ ಪೂರ್ತಿ ನಿದ್ದೆಹೋಯಿತು. ಅಷ್ಟರಲ್ಲಿ ಹೇಗೋ ಎರಡು ಕಪ್ ಚಹಾ ಆಗಿತ್ತು. ಒಂದನ್ನು ಹೆಂಡತಿ ಶರಣಬಸಮ್ಮನ ಭಾವಚಿತ್ರದ ಮುಂದಿಟ್ಟ.

ಆಕೆ ಲಿಂಗೈಕ್ಯಳಾಗಿ ವರ್ಷ ತುಂಬಿತ್ತು. ಲಿಂಗಪೂಜೆ ಮುಗಿಸಿ ಆಕೆಗೊಂದು, ತನಗೊಂದು ಚಹಾ ಮಾಡುವ ಕ್ರಮ ಒಂದು ದಿನವೂ ತಪ್ಪಿರಲಿಲ್ಲ. ನಾಳೆ ತಪ್ಪುವುದಿತ್ತು.

ಎಲ್ಲೋ ಸಮುದ್ರದಲ್ಲಿ ಗ್ಯಾಸ್ ತರುವ ಹಡಗುಗಳು ನಿಂತಿವೆಯಂತೆ, ಅದಕ್ಕೆ ವಾಡಿ ಜಂಕ್ಷನ್ನಿನ ಈ ಓಣಿಯಲ್ಲಿ ಗ್ಯಾಸಿಲ್ಲ. ಗ್ಯಾಸಿನ ಗಾಡಿ ಬಂದರೂ ಓಡಿಹೋಗಿ ಮೊದಲು ಮುಟ್ಟಿದವನಿಗೆ ಸಿಲಿಂಡರು. ಬಸವಂತರಾಯ ಗೂಡ್ಸ್ ಗಾಡಿಯ ಗಾರ್ಡನಾಗಿ ಆಯುಷ್ಯವೆಲ್ಲ ಕೊನೆಯ ಡಬ್ಬಿಯಲ್ಲೇ ಕುಳಿತವನು. ಮುಂದೆ ನುಗ್ಗಿ ರೂಢಿಯಿಲ್ಲ. ಬಹಳ ಯೋಚಿಸಿ ಒಂದು ದಾರಿ ಕಂಡುಕೊಂಡ. ಓಣಿಗೆ ಬಂದ ಗ್ಯಾಸೆಲ್ಲ ಒಂದೆಡೆ ಸೇರಲಿ. ಎಲ್ಲರಿಗೂ ಒಂದೇ ಒಲೆ. ತಲೆಗೊಂದು ಪಾಲು ಉರಿ. ಉಳ್ಳವನಿಗೂ ಅಷ್ಟೆ, ಇಲ್ಲದವನಿಗೂ ಅಷ್ಟೆ. ಬಸವಣ್ಣನೂ ಒಪ್ಪಿಯಾನು ಅನ್ನಿಸಿತು.

ಜನರನ್ನು ಸೇರಿಸಲು ತನ್ನ ಹಳೆಯ ಗಾರ್ಡಿನ ಸೀಟಿ ತೆಗೆದು ಓಣಿಯ ಬಾಯಲ್ಲಿ ನಿಂತು ಊದಿದ. ಕ್ಷಣದಲ್ಲಿ ಮನೆಮನೆಯಿಂದ ಜನ ಖಾಲಿ ಸಿಲಿಂಡರ್ ಉರುಳಿಸುತ್ತ ಓಡಿ ಬಂದರು. ಒಬ್ಬರದು ಇನ್ನೊಬ್ಬರ ಕಾಲಿಗೆ ಬಡಿಯಿತು.

"ಗಾಡಿ ಎಲ್ಲದ ಅಣ್ಣಾ?" ಪಕ್ಕದ ಮನೆಯ ಹಮೀದಾಬಿ ಏದುಸಿರು ಬಿಡುತ್ತ ಕೇಳಿದಳು.

"ಗಾಡಿ ಇಲ್ಲವ್ವ. ಒಂದು ವಿಚಾರ ಅದ."

"ವಿಚಾರದ ಮ್ಯಾಲ ಅನ್ನ ಬೇಯ್ತದೇನು?"

ಆದರೂ ಬಂದವರು ಕೇಳಿಸಿಕೊಂಡರು. ಬಿಸಿಲೇರುತ್ತಿತ್ತು, ಬೇಗ ಒಪ್ಪಿಯೂ ಬಿಟ್ಟರು. ಕಿರಾಣಿ ಅಂಗಡಿಯ ಲಕ್ಷ್ಮಿಕಾಂತನಿಗೆ ಲೆಕ್ಕವೆಂದರೆ ಪ್ರಾಣ. ರೈಲ್ವೆ ಹಳಿ ಕೆಲಸದ ನಾಮದೇವನ ಮನೆಗೋಡೆಯ ಮೇಲೆ ಲಕ್ಷ್ಮಿಕಾಂತನೇ ಇದ್ದಲಿಯಿಂದ ತಲೆಗೊಂದು ಗೀರು ಎಳೆಯತೊಡಗಿದ.

"ಬಸವಂತ ಕಾಕಾಂದು ಒಂದು," ಎಂದು ಗೀರಿದ.

ಒಂದು ಗೀರು ಒಂದೇ ಕಪ್ ಎಂಬುದು ಬಸವಂತರಾಯನಿಗೆ ಹೊಳೆದದ್ದು ಆಗ. "ನಂದು ಎರಡು ಹಾಕೋ," ಎಂದ ಮೆಲ್ಲಗೆ.

"ಇನ್ನೊಂದು ಯಾರದ್ರಿ?"

"ಶರಣಬಸಮ್ಮಂದು. ಮುಂಜಾನಿ ಆಕಿಗೂ ಚಾ ಇಡ್ತೀನಿ."

ಯಾರೂ ನಗಲಿಲ್ಲ. ಹಮೀದಾಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಾಕಪ್ಪ ಲಕ್ಷ್ಮಿಕಾಂತ. ಶರಣಕ್ಕನ ಚಾಕ್ಕ ಇಲ್ಲ ಅನ್ನಬ್ಯಾಡ." ಗೀರು ಬಿತ್ತು. ಆಕೆ ಮೂಗು ಸೇದಿ ಮುಂದುವರಿಸಿದಳು. "ಹಂಗೇ ನಮ್ಮ ಮನಿಯವ್ರದೂ ಒಂದು ಹಾಕು. ಬಾಬುಮಿಯಾ ಹೋಗಿ ಭಾಳ ವರ್ಷ ಆಯ್ತು, ಆದ್ರ ಗುರುವಾರ ಗುರುವಾರ ಅವ್ರ ಹೆಸರಿನ ಫಾತಿಹಾಕ್ಕ ಖೀರು ಮಾಡ್ತೀನಿ. ಖೀರಿಗಿ ಉರಿ ಜಾಸ್ತಿ ಬೇಕು. ಎರಡು ಹಾಕು."

"ನಮ್ಮಪ್ಪ, ಅಜ್ಜ, ಮುತ್ತಜ್ಜ," ಲಕ್ಷ್ಮಿಕಾಂತ ತನ್ನ ಸಾಲಿಗೆ ತಾನೇ ಗೀರಿಕೊಂಡ. "ಶ್ರಾದ್ಧಕ್ಕ ಮೂರೂ ಮಂದಿ ಬರ್ತಾರ."

ನಾಮದೇವ ತಲೆ ಕೆರೆದುಕೊಂಡ. "ನಾವು ಸತ್ತವರಿಗೆ ಎಡಿ ಇಡಂಗಿಲ್ರಿ. ಬುದ್ಧನ ಮುಂದ ಮೇಣಬತ್ತಿ ಹಚ್ತೀವಿ, ಮುಗೀತು. ಆದ್ರ ಗೋಡಿ ನಂದು. ನಮ್ಮವ್ವ ಹಣಮವ್ವನ ಗೀರು ಇಲ್ಲದ ಗೋಡಿ ನಾ ಕೊಡಂಗಿಲ್ಲ."

ಗೀರುಗಳು ಕಿಟಕಿ ದಾಟಿ ಬಾಗಿಲಿಗೆ ಬಂದವು. ಓಣಿಯಲ್ಲಿ ಬದುಕಿದ್ದವರಿಗಿಂತ ಹೋದವರೇ ಹೆಚ್ಚಾದರು. ಹೀಗೆ ಹಂಚಿದರೆ ಒಬ್ಬೊಬ್ಬರ ಪಾಲಿನ ಉರಿಯಲ್ಲಿ ಒಂದು ಚಮಚ ನೀರೂ ಬಿಸಿಯಾಗದು.

"ತಡೀರಿ," ಬಸವಂತರಾಯ ಕೈ ಎತ್ತಿದ. "ಹೋದವರು ಎಲ್ಲಿ ಉಣ್ತಾರ..." ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದ.

"ಹೇಳು ಅಣ್ಣಾ," ಎಂದಳು ಹಮೀದಾಬಿ. "ಶರಣಕ್ಕ ಚಾ ಕುಡ್ಯಂಗಿಲ್ಲ ಅಂತ ನಿನ್ನ ಬಾಯಿಲೆ ಅನ್ನು. ಎಲ್ಲಾ ಗೀರು ಅಳಸ್ತೀವಿ."

ಹೋದವಳು ಕುಡಿಯುತ್ತಾಳೆಯೇ ಇಲ್ಲವೇ ಎಂದು ಅವನು ಇಷ್ಟು ದಿನ ತನ್ನನ್ನೇ ಕೇಳಿಕೊಂಡಿರಲಿಲ್ಲ. ಇಟ್ಟ ಚಹಾ ಆರುತ್ತಿತ್ತು, ಪ್ರಸಾದವೆಂದು ತಾನೇ ಕುಡಿಯುತ್ತಿದ್ದ. ಅಷ್ಟರ ಮೇಲೆ ಅವನಿಗೆ ಏನೂ ಗೊತ್ತಿರಲಿಲ್ಲ.

"ಅನ್ನಂಗಿಲ್ಲ," ಎಂದ ಕೊನೆಗೆ.

ಅಷ್ಟರಲ್ಲಿ ನಿಜವಾದ ಗಾಡಿಯೇ ಬಂತು. ಜನ ನುಗ್ಗುವ ಮೊದಲೇ ಡ್ರೈವರ್ ಕೈ ಅಡ್ಡ ಹಿಡಿದ. "ಇವತ್ತಿನಿಂದ ಓಡಾಟ ಬಂದ್. ಹೆಸರು ಕರೀತೀನಿ. ಹೆಸರಿದ್ದವರು ಬಂದು ಈ ಮಷೀನಿಗಿ ಹೆಬ್ಬಟ್ಟು ಒತ್ತಬೇಕು. ಈ ಓಣಿಗಿ ಇವತ್ತು ಬಂದಿದ್ದು ಒಂದೇ. ಶರಣಬಸಮ್ಮ ಯಾರ್ರಿ?"

ಬಸವಂತರಾಯನ ಎದೆ ತುಂಬಿ ಬಂತು. ಕೂಗದೆ, ಓಡದೆ, ಸಿಲಿಂಡರು ತಾನಾಗಿ ಓಣಿಗೇ ಬಂದಿತ್ತು. "ನಮ್ಮನಿಯಾಕಿ," ಎಂದು ಹೆಬ್ಬೆರಳು ಚಾಚಿದ.

"ನಿಮ್ದು ಅಲ್ರಿ ಯಜಮಾನ್ರೆ. ಅಮ್ಮಾರದು. ಕರೀರಿ."

"ಆಕಿ ಹೋಗಿ ವರ್ಷಾಯ್ತಪ್ಪ."

ಡ್ರೈವರ್ ಮಷೀನು ನೋಡಿದ, ಮುದುಕನನ್ನು ನೋಡಿದ. "ಇದ್ರಾಗ ಆಕಿ ಇದ್ದಾಳ. ನೀವೇ ಇಲ್ಲ."

"ಇಡೀ ಓಣಿ ಸಾಕ್ಷಿ ಅದ. ಕೇಳು," ಎಂದ ಬಸವಂತರಾಯ. ಓಣಿ ಗೋಡೆಯ ಕಡೆ ನೋಡಿತು. ಈಗಷ್ಟೇ ಹೋದವರೆಲ್ಲರನ್ನೂ ಲೆಕ್ಕಕ್ಕೆ ಹಿಡಿದು ನಿಂತ ಜನ, ಆಕೆ ಇಲ್ಲವೆಂದು ಯಾವ ಬಾಯಲ್ಲಿ ಹೇಳುವುದು? ಹೇಳಿದರೂ ಸಿಲಿಂಡರು ಇಳಿಯುವಂತಿರಲಿಲ್ಲ. ಗಾಡಿ ಮುಂದೆ ಹೋಯಿತು, ಶರಣಬಸಮ್ಮನ ಸಿಲಿಂಡರು ಅದರ ಮೇಲೆ ಕುಣಿಯುತ್ತ ಹೋಯಿತು.

"ಕಾಕಾ," ಲಕ್ಷ್ಮಿಕಾಂತ ಬಹಳ ಸಂಕೋಚದಿಂದ ಗಂಟಲು ಸರಿಮಾಡಿಕೊಂಡ. "ಗ್ಯಾಸಿನವ್ರ ಲೆಕ್ಕಕ್ಕ ನಮ್ಮ ಲೆಕ್ಕ ಕೂಡಬೇಕು. ನಿಮ್ಮ ಮನಿಯಾಗ ಒಂದೇ ತಲಿ ಅದ ಅಂತಾರ. ಒಂದು ಗೀರು ಅಳಸಬೇಕು. ಯಾವುದು ಅಳಸ್ಲಿ?"

ಬಸವಂತರಾಯ ಆ ಎರಡು ಗೀರುಗಳನ್ನು ನೋಡಿದ. ಆಮೇಲೆ ಹತ್ತಿರ ಹೋಗಿ, ತನ್ನದನ್ನು ತಾನೇ ಅಂಗೈಯಿಂದ ಒರೆಸಿದ.