ವಾಣಿ ಬಾಯಿ ಬಿಟ್ಟದ್ದು

ಮಕ್ಕಳು ತಂದೆತಾಯಿಯಿಂದ ಮಾತು ಕಲಿಯುತ್ತವೆ ಎನ್ನುವವರಿಗೆ ಮಕ್ಕಳೇ ಇಲ್ಲವೆಂದು ನನ್ನ ಗುಮಾನಿ. ನಮ್ಮಿಂದ ಅವು ಕಲಿಯುವುದು ಜೋರಾಗಿ ಸೀನುವುದನ್ನು ಮತ್ತು ಕೆಲಸ ಹೇಳಿದಾಗ ಕಿವುಡರಂತೆ ಕೂರುವುದನ್ನು. ಮಾತನ್ನು ತಮಗೆ ಬೇಕಾದ ಕಡೆಯಿಂದ ತಂದುಕೊಳ್ಳುತ್ತವೆ. ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ನಾನು ಕಾರಕೂನನಾಗಿದ್ದಾಗ ನನಗೆ ಇದು ತಿಳಿಯಿತು.

ಹುಟ್ಟಿದ ಮಗಳಿಗೆ ವಾಣಿ ಎಂದು ಹೆಸರಿಟ್ಟು ನಾವು ದುಡುಕಿದ್ದೆವು. ಎರಡು ವರ್ಷ ದಾಟಿದರೂ ಅವಳು ತುಟಿ ಪಿಟಕ್ಕೆನ್ನಲಿಲ್ಲ. ಹೇಳಿದ್ದೆಲ್ಲ ತಿಳಿಯುತ್ತಿತ್ತು. ಬೆಲ್ಲ ಎಂದು ಪಿಸುಗುಟ್ಟಿದರೆ ಹಿತ್ತಲಿನಿಂದ ಓಡಿ ಬರುವಳು. ಎಣ್ಣೆಸ್ನಾನ ಎಂದರೆ ಅಷ್ಟೇ ವೇಗದಲ್ಲಿ ಹಿತ್ತಲಿಗೆ ಓಡುವಳು. ಬೇಕಾದ್ದನ್ನು ಬೆರಳು ಮಾಡಿ ತೋರಿಸುವಳು. ಮಾತು ಮಾತ್ರ ಇಲ್ಲ.

ಸುದ್ದಿ ಮುಟ್ಟಿದ್ದೇ ಧಾರವಾಡದಿಂದ ನನ್ನ ಅತ್ತೆಯವರು ಬಂದಿಳಿದರು. ದಿನಾ ಬಜೆ ತೇಯ್ದು, ಜೇನು ಬೆರೆಸಿ ಮಗುವಿನ ನಾಲಿಗೆಗೆ ಹಚ್ಚಿ, "ಅಜ್ಜಿ ಅನ್ನು ತಂಗಿ, ಅಜ್ಜಿ ಅನ್ನು" ಎಂದು ಕಾಡುವರು. ವಾಣಿ ಮುಖ ಕಿವುಚಿ, ಜೇನಷ್ಟನ್ನೇ ಚಪ್ಪರಿಸಿ ಸುಮ್ಮನಾಗುವಳು. ಬಜೆಯ ಗುಣ ಅತ್ತೆಯವರಿಗೇ ಹತ್ತಿದಂತಿತ್ತು. "ಅಪ್ಪ ಅನ್ನಾಂವ ಮನ್ಯಾಗ ಬಾಯಿ ತಗದ್ರಲ್ಲೇನು ಮಗಳು ಮಾತಾಡೂದು" ಎಂದು ಬಾಗಿಲ ಮರೆಯಿಂದ ನನಗೆ ಕೇಳಿಸುವ ಹಾಗೆ ಅನ್ನುತ್ತಿದ್ದರು. ಅವರಿರುವಾಗ ಬಾಯಿ ತೆಗೆಯಲು ನನ್ನ ಪಾಳಿ ಬರಬೇಕಲ್ಲ.

ನನ್ನ ಹೆಂಡತಿ ಸುಶೀಲೆಗೆ ಮಾತ್ರ ನಗು ಬತ್ತಿತ್ತು. ಒಂದು ಸಂಜೆ ಮಗುವನ್ನು ಮಡಿಲಲ್ಲಿ ಹಾಕಿಕೊಂಡು, "ಇದು ಮೂಕಿ ಆದ್ರ ಏನ್ ಮಾಡೂದ್ರಿ?" ಎಂದಳು. ಕಂದೀಲು ಹಚ್ಚುವ ನೆಪ ಮಾಡಿ ಎದ್ದು ಹೋದೆ.

ಹೀಗಿರುವಾಗ ಡಿಪೋ ನೋಡಲು ಬಂದ ರೇಂಜರ್ ಸಾಹೇಬರು ಚಹಾಕ್ಕೆಂದು ನಮ್ಮ ಮನೆಗೂ ಬಂದರು. ಬಾಗಿಲು ತುಂಬುವ ಮೈ, ಖಾಕಿ ಚಡ್ಡಿ, ಪೊದೆಯಂಥ ಮೀಸೆ. ಇದ್ದೊಂದು ಕುರ್ಚಿ ಒರೆಸಿ "ಕೂಡ್ರಬೇಕ್ರಿ ಸಾಹೇಬರ" ಎಂದೆ. ಅವರು ಕೂರಲಿಲ್ಲ. ನಿಂತೇ ನನ್ನ ಕೆಲಸದ ಹುಳುಕು ತೆಗೆಯತೊಡಗಿದರು. ಆಗ ವಾಣಿ ಬಂದು ಅವರೆದುರು ನಿಂತಳು. ಕಾಲಿನಿಂದ ತಲೆಯವರೆಗೆ ಅವರನ್ನು ನೋಡಿದಳು. ಆಮೇಲೆ ಕೈಯೆತ್ತಿ, ಗಡಸು ದನಿಯಲ್ಲಿ, "ಬೈಠ್" ಎಂದಳು.

ಸಾಹೇಬರು ಕೂತುಬಿಟ್ಟರು.

ಬೈಠ್ ಎಂಬುದು ನಮ್ಮ ಡಿಪೋದ ಆನೆಯನ್ನು ಕೂರಿಸಲು ಮಾವುತ ಹೇಳುವ ಮಾತು. ಸಾಹೇಬರಿಗೂ ಅದು ಗೊತ್ತು. ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಸುಶೀಲೆ ಓಡಿ ಬಂದು, ಎದುರಿಗಿದ್ದವರು ಯಾರೆಂಬುದನ್ನೂ ಮರೆತು, ಮಗಳನ್ನು ಅಪ್ಪಿಕೊಂಡು ಅತ್ತಳು. ಅತ್ತೆಯವರು ಬಜೆಯನ್ನು ಹೊಗಳಿದರು. ನಾನು ಹಿಗ್ಗಲೋ, ಕಾಲಿಗೆ ಬೀಳಲೋ ತಿಳಿಯದೆ ಚಹಾದ ಬಶಿ ಹಿಡಿದು ನಿಂತೆ.

"ಕಾರಕೂನರ, ಈಕಿ ನನ್ನನ್ನ ಆನಿ ಅಂತ ತಿಳಕೊಂಡಾಳೇನು?" ಎಂದರು ಸಾಹೇಬರು.

ಇಲ್ಲ ಎಂದು ಖಂಡಿತವಾಗಿ ಹೇಳಲು ಅವರ ಗಾತ್ರ ಅಡ್ಡ ಬಂತು. "ಸಣ್ಣ ಕೂಸುರಿ, ಈಗಷ್ಟ ಮೊದಲನೇ ಮಾತು ಆಡೇತ್ರಿ" ಎಂದೆ. ಮೀಸೆ ಅಲುಗಿತು. ಅದು ನಗು ಎಂದು ತಿಳಿಯುವವರೆಗೆ ನನ್ನ ನೌಕರಿ ಗಾಳಿಯಲ್ಲಿ ತೂಗಾಡುತ್ತಿತ್ತು.

ಗುಟ್ಟೇನೂ ದೊಡ್ಡದಲ್ಲ. ಮಾವುತ ಹುಸೇನಸಾಬ ದಿನಾ ಬೆಳಿಗ್ಗೆ ಸಂಜೆ ನಮ್ಮ ಹಿತ್ತಲ ಬೇಲಿಯ ಪಕ್ಕದಿಂದಲೇ ಆನೆಯನ್ನು ಕಾಳಿ ಹೊಳೆಗೆ ಕರೆದೊಯ್ಯುತ್ತಿದ್ದ. ವಾಣಿ ಬೇಲಿ ಹಿಡಿದು ನೋಡುತ್ತಿದ್ದಳು. ಅಲ್ಲಿ ಒಂದೇ ಮಾತಿಗೆ ಗುಡ್ಡದಂಥ ಪ್ರಾಣಿ ಮೊಣಕಾಲೂರುತ್ತಿತ್ತು. ಇಲ್ಲಿ ನೀರು ತನ್ನಿರೆಂದು ಸುಶೀಲೆ ಮುಂಜಾನೆ ಹೇಳಿದರೆ ನಾನು ಮಧ್ಯಾಹ್ನ "ಏನಂದಿ?" ಎಂದು ಕೇಳುತ್ತಿದ್ದೆ. ಎರಡನ್ನೂ ತೂಗಿ ನೋಡಿ ಮಗು ಕೆಲಸ ಆಗುವ ಭಾಷೆಯನ್ನು ಆರಿಸಿಕೊಂಡಿತ್ತು.

ಸಂಜೆ ಅವಳನ್ನೆತ್ತಿಕೊಂಡು ಹೊಳೆಗೆ ಹೋಗಿ ಹುಸೇನಸಾಬನಿಗೆ ಸುದ್ದಿ ಹೇಳಿದೆ. ಅವನು ಹಿಗ್ಗಿ, "ಈಗ ಆನಿಗೇ ಹೇಳ ನನ್ನವ್ವ" ಎಂದ. ವಾಣಿ ಆನೆಗೆ "ಬೈಠ್" ಎಂದಳು. ಆನೆ ಕಿವಿ ಬೀಸಿತೇ ಹೊರತು ಕೂರಲಿಲ್ಲ. ಮಗಳ ಮುಖ ಸಣ್ಣದಾಯಿತು, ತುಟಿ ನಡುಗಿತು. ಇಷ್ಟು ಕಾಯಿಸಿ ಬಂದ ಮಾತು ಮತ್ತೆ ಒಳಗೆ ಹೋದರೆ ಗತಿಯೇನು? ಅವಳು ನನ್ನ ಕಡೆ ತಿರುಗಿ, ಸ್ವಲ್ಪ ಅನುಮಾನದಿಂದಲೇ, "ಬೈಠ್" ಎಂದಳು.

ಮಡಿ ಧೋತರ ಉಟ್ಟಿದ್ದೆ. ದಂಡೆಯ ಕೆಸರಿನಲ್ಲಿ ಕೂತೆ.

ವಾಣಿ ಕೇಕೆ ಹಾಕಿ ನಕ್ಕಳು. ಹುಸೇನಸಾಬ ಆನೆಯ ಸೊಂಡಿಲು ಸವರುತ್ತ ನನ್ನನ್ನು ಗೌರವದಿಂದಲೇ ನೋಡಿ ಹೇಳಿದ: "ಇದಕ್ಕ ಕಲಸಾಕ ನನಗ ಒಂದು ಮಳಿಗಾಲ ಹಿಡೀತ್ರಿ. ನೀವು ಲಗೂನ ಕಲತ್ರಿ."