ಶಮ್ಸುರಿಯ ತಣ್ಣನೆಯ ಪೀಪಾಯಿ

ಮಲೇಷ್ಯಾದ ಕಮುಂಟಿಂಗಿನ ಕೈಗವಸು ಕಾರ್ಖಾನೆಯಲ್ಲಿ, ಉಪವಾಸದ ತಿಂಗಳ ಮೂರನೆಯ ದಿನವೇ ಕ್ಯಾಂಟೀನಿನ ಫ್ರಿಜ್ ಕೆಟ್ಟಿತು. ಶಮ್ಸುರಿಯ ಕಷ್ಟ ಶುರುವಾದದ್ದು ಅಲ್ಲಿಂದ.

ಕ್ಯಾಲ್ಸಿಯಂ ನೈಟ್ರೇಟಿನ ಹರಳುಗಳನ್ನು ನೀರಿಗೆ ಸುರಿದು ಕಲಕುವುದು ಅವನ ಕೆಲಸ. ಪಿಂಗಾಣಿಯ ಅಚ್ಚು ಕೈಗಳು ಮೊದಲು ಆ ನೀರಿನಲ್ಲಿ ಅದ್ದಿಕೊಂಡು ಬಂದರೆ ಮಾತ್ರ ರಬ್ಬರ್ ಹಾಲು ಅವುಗಳ ಮೇಲೆ ಹೆಪ್ಪುಗಟ್ಟಿ ಗವಸಾಗುತ್ತದೆ. ಹರಳು ಕರಗುವಾಗ ಪೀಪಾಯಿ ತಣ್ಣಗಾಗುತ್ತದೆಂಬುದು ಏಳು ವರ್ಷ ಅವನೊಬ್ಬನಿಗೇ ಗೊತ್ತಿತ್ತು. ಫ್ರಿಜ್ ಕೆಟ್ಟ ದಿನ ಬಾಯಿತಪ್ಪಿ ಹೇಳಿಬಿಟ್ಟ. ಅಂದಿನಿಂದ ಸಂಜೆ ಉಪವಾಸ ಬಿಡಲು ತಂದ ಬಾಟಲಿಗಳೆಲ್ಲ ತಣ್ಣಗಾಗಲು ಅವನ ಪೀಪಾಯಿಗೇ ಬರತೊಡಗಿದವು.

ಇವತ್ತು ಸಂಜೆ ಲ್ಯಾಬಿನ ಮುಖ್ಯಸ್ಥೆ ಮೇಡಂ ಗಾನ್ ಬಂದು ಅವನ ಪೀಪಾಯಿ ಪರೀಕ್ಷಿಸುವವರಿದ್ದರು. ಪಾಸಾದರೆ ಲ್ಯಾಬಿನಲ್ಲಿ ಕೆಲಸ. ಅಲ್ಲಿ ಕುರ್ಚಿಯಿತ್ತು, ಎ.ಸಿ. ಇತ್ತು, ಇಪ್ಪತ್ತೈದು ಕಿಲೋ ಚೀಲ ಇರಲಿಲ್ಲ. ಅವನ ಸೊಂಟ ಆ ಕುರ್ಚಿಗಾಗಿ ಎರಡು ವರ್ಷದಿಂದ ಕಾಯುತ್ತಿತ್ತು.

"ತಮ್ಮಾ, ಇದನ್ನೂ ಒಂದ್ ಮೂಲೇಲಿ ಬಿಡಪ್ಪ," ಎಂದು ಪ್ಯಾಕಿಂಗಿನ ರೊಕಿಯಾ ಗುಲಾಬಿ ಶರಬತ್ತಿನ ಬಾಟಲಿ ಚಾಚಿದಳು.

"ಇವತ್ ಬೇಡ ಅಕ್ಕಾ. ಮೇಡಂ ಬರ್ತಾರೆ."

"ಬಂದ್ರೆ ಏನು, ಪೀಪಾಯಿ ಒಳಗೆ ಇಳೀತಾರಾ?"

ಅವಳ ಹಿಂದೆಯೇ, ಅಚ್ಚುಗಳಿಂದ ಗವಸು ಬಿಚ್ಚುವ ಪುಷ್ಪವಲ್ಲಿ ಮಜ್ಜಿಗೆ ತಂದಳು.

"ನಿಂಗೆಲ್ಲಿ ಉಪವಾಸ ಪುಷ್ಪಕ್ಕ?" ಎಂದ ಶಮ್ಸುರಿ.

"ನೀವೆಲ್ಲ ಒಣಗಿ ಕೂತಿರುವಾಗ ನಾನೊಬ್ಳೇ ಗಟಗಟ ಕುಡೀಲಾ? ಸಂಜೆ ನಿಮ್ ಜೊತೇಲೇ ಕುಡೀತೀನಿ."

ಇಂಥ ಮಾತಿಗೆ ಇಲ್ಲ ಎನ್ನಲು ಶಮ್ಸುರಿಗೆ ಬರುತ್ತಿರಲಿಲ್ಲ. ಐದು ಗಂಟೆಗೆ ಹದಿನಾಲ್ಕು ಬಾಟಲಿಗಳು ಕೊರಳಿಗೆ ದಾರ ಕಟ್ಟಿಸಿಕೊಂಡು ಕೊಟ್ಟಿಗೆಯ ಕರುಗಳಂತೆ ಪೀಪಾಯಿಯೊಳಗೆ ನಿಂತಿದ್ದವು.

"ಹೆದರ್ಬೇಡ," ಎಂದಳು ರೊಕಿಯಾ. "ನಿನ್ ವಿಷ್ಯ ಮೇಡಂಗೆ ಕಾಗ್ದ ಬರ್ದಿದೀವಿ. ಎಲ್ರೂ ಸಹಿ ಹಾಕಿದೀವಿ."

ಅವನ ಕಣ್ಣು ತುಂಬಿ ಬಂತು.

ಮೇಡಂ ಹತ್ತು ನಿಮಿಷ ಮೊದಲೇ ಬಂದರು. ಶಮ್ಸುರಿ ದಾರಗಳನ್ನು ಒಳಗೆ ತಳ್ಳಿ, ಬಾಟಲಿಗಳನ್ನು ಅದುಮಿ ಹಿಡಿದ. ಅಷ್ಟೊಂದು ಹರಳು ಕರಗಿದ ನೀರಿನಲ್ಲಿ ಯಾವುದೂ ಮುಳುಗುವುದಿಲ್ಲ. ಒಂದನ್ನು ಅದುಮಿದರೆ ಎರಡು ತಲೆಯೆತ್ತಿದವು. ಮೇಡಂ ಮಜ್ಜಿಗೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಸಾಂದ್ರತೆ ಅಳೆಯುವ ಗಾಜಿನ ಕೊಳವೆ ಇಳಿಬಿಟ್ಟರು.

"ಸರಿಯಾಗಿದೆ. ಇದ್ಯಾಕೆ ಇಷ್ಟು ತಣ್ಣಗಿದೆ?"

"ಹರಳು ಕರಗೋಕೆ ಬೇಕಾದ ಬಿಸೀನ ನೀರಿಂದಾನೇ ಕಿತ್ಕೊಳ್ಳುತ್ತೆ, ಮೇಡಂ."

"ಚೆನ್ನಾಗಿ ಹೇಳ್ದೆ. ಪಾಸು," ಎಂದು ಬರೆದುಕೊಂಡು ಹೋದರು. ಬಾಟಲಿಗಳ ಮಾತೇ ಎತ್ತಲಿಲ್ಲ.

ಸೂರ್ಯ ಮುಳುಗಿದ. ಬಾಟಲಿಗಳನ್ನು ನಲ್ಲಿಯಲ್ಲಿ ತೊಳೆದು, ಖರ್ಜೂರ ಹಂಚಿ, ರೊಕಿಯಾ ಮೊದಲ ಲೋಟ ಶಮ್ಸುರಿಗೇ ಕೊಟ್ಟಳು. ಅಷ್ಟರಲ್ಲಿ ಕ್ಯಾಂಟೀನಿನ ನೋಟೀಸು ಹಲಗೆಗೆ ಅವರ ಕಾಗದವನ್ನೇ ಯಾರೋ ಅಂಟಿಸಿ ಹೋದರು. ಪುಷ್ಪವಲ್ಲಿ ಗಟ್ಟಿಯಾಗಿ ಓದಿದಳು:

"ಶಮ್ಸುರಿಯಂಥವನು ನಮಗೆ ಮತ್ತೊಬ್ಬ ಸಿಗುವುದಿಲ್ಲ. ದಯವಿಟ್ಟು ಅವನನ್ನು ಪೀಪಾಯಿ ಬಿಡಿಸಿ ಎಲ್ಲಿಗೂ ಕಳಿಸಬೇಡಿ."

ಕೆಳಗೆ ಹದಿನಾಲ್ಕು ಸಹಿ. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಮೇಡಂ ಕೈಬರಹ: "ಒಪ್ಪಿದೆ. ಲ್ಯಾಬಿಗೆ ಬೇರೆಯವರನ್ನು ನೋಡುತ್ತೇನೆ. ನಾಳೆಯಿಂದ ಪೀಪಾಯಿಗೆ ನನ್ನದೊಂದು ಬಾರ್ಲಿ ನೀರು."

"ನೋಡ್ದಾ, ನಮ್ ಮಾತಿಗೆ ಎಷ್ಟು ಬೆಲೆ!" ರೊಕಿಯಾ ಅವನ ಬೆನ್ನು ಸವರಿದಳು.

ಶಮ್ಸುರಿ ಶರಬತ್ತು ಕುಡಿದ. ಚೆನ್ನಾಗಿಯೇ ತಣ್ಣಗಾಗಿತ್ತು.