ಸಂಗಮೇಶ ಕಂಪ್ಯೂಟರ್ ಹಚ್ಚಿದ್ದು

ಸಂಗಮೇಶ: ಸತ್ತೈತಿ. ಇದೂ ಸತ್ತೈತಿ.

ಪ್ರಿಯಾಂಕಾ: ನಿನ್ನೆ ಸಂಜಿಗೆ ರ‍್ಯಾಮ್ ಸತ್ತೈತಿ ಅಂದ್ರಿ. ಅದು ಸತ್ತಿರಲಿಲ್ಲ, ನೀವು ಸರಿಯಾಗಿ ಕೂಡ್ಸಿರಲಿಲ್ಲ. ಮುಂಜಾನೆ ಪವರ್ ಸಪ್ಲೈ ಸತ್ತೈತಿ ಅಂದು ಇನ್ನೊಂದ ತಂದ್ರಿ. ಈಗ ಇದೂ ಸತ್ತೈತಿ ಅಂತೀರಿ. ನಿಮ್ಮ ಕೈಯಾಗ ಬಂದದ್ದೆಲ್ಲಾ ಯಾಕ ಸಾಯ್ತಾವ?

ಸಂಗಮೇಶ: ಡಾಕ್ಟರ್ ಕೈಯಾಗ ಪೇಶಂಟ್ ಸಾಯಂಗಿಲ್ಲೇನು? ಅದಕ್ಕ ಡಾಕ್ಟರ್ ಏನ್ ಮಾಡ್ಬೇಕು?

ಪ್ರಿಯಾಂಕಾ: ಮೊದಲ ಡಾಕ್ಟರ್ ಆಗ್ಬೇಕು.

ಬಿಟಿಎಂ ಲೇಔಟಿನ ಆ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಹೊಸ ಕಂಪ್ಯೂಟರು ಹೊಟ್ಟೆ ಬಿಚ್ಚಿಕೊಂಡು ಮಂಚದ ಮೇಲೆ ಮಲಗಿತ್ತು. ಅದರ ಪಕ್ಕದಲ್ಲಿ ಮೊದಲನೆಯ ಪವರ್ ಸಪ್ಲೈ, ಸ್ಟೂಲಿನ ಮೇಲೆ ಎರಡನೆಯದು. ಪವರ್ ಸಪ್ಲೈ ಎಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ತಕ್ಕಷ್ಟು ಇಳಿಸಿ ಹಂಚುವ ತಗಡಿನ ಡಬ್ಬಿ. ಇಷ್ಟು ವಿಷಯ ಸಂಗಮೇಶನಿಗೆ ಗೊತ್ತಿತ್ತು. ಇಷ್ಟೇ ಗೊತ್ತಿತ್ತು ಎಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಇಳಕಲ್ಲಿನ ಕಡೆಯಿಂದ ಬಂದು ಇಲ್ಲೊಂದು ಕಚೇರಿಯಲ್ಲಿ ಡಾಟಾ ಎಂಟ್ರಿ ಮಾಡುತ್ತಿದ್ದ ಸಂಗಮೇಶ, ಸಂಜೆ ತರಗತಿಗೆ ಹೋಗಿ ಮೂರು ತಿಂಗಳ ಹಾರ್ಡ್‌ವೇರ್ ಕೋರ್ಸು ಮುಗಿಸಿದ್ದ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ದೇವರ ಫೋಟೋಗಿಂತ ಒಂದು ಗೇಣು ಮೇಲಕ್ಕೆ ತೂಗುಹಾಕಿದ್ದ. ಅಂಥವನು ಅಂಗಡಿಯವನ ಕೈಲಿ ಕಂಪ್ಯೂಟರ್ ಜೋಡಿಸಿಕೊಂಡು ಬಂದರೆ ಮರ್ಯಾದೆ ಉಳಿಯುತ್ತದೆಯೇ? ಬಿಡಿ ಭಾಗಗಳನ್ನು ತಂದು ತಾನೇ ಕೂಡಿಸಿದ್ದ.

ಕೂಡಿಸಿದ್ದು ಅವನಾದರೂ ಕಂಪ್ಯೂಟರು ಪ್ರಿಯಾಂಕಾಳದು. ಮನೆಯಲ್ಲೇ ಕೂತು ಕನ್ನಡ ಟೈಪಿಂಗ್ ಕೆಲಸ ಹಿಡಿಯಬೇಕೆಂದು ಅವಳು ಎರಡು ವರ್ಷದಿಂದ ಆಸೆಪಟ್ಟಿದ್ದಳು. ಮೊಟ್ಟಮೊದಲ ಕೆಲಸ ಕೊಟ್ಟವರು ಕೆಳಗಿನ ಮನೆಯಲ್ಲೇ ಇರುವ ಓನರ್ ಚಿನ್ನಪ್ಪನವರು. ಅವರ ಮಗ ಸಿದ್ಧಾರ್ಥನ ಮದುವೆ ಪತ್ರಿಕೆ. ಇಂದು ಸಂಜೆ ಐದಕ್ಕೆ ಟೈಪಾಗಿ ಫ್ಲಾಪಿಯಲ್ಲಿ ಅವರ ಕೈ ಸೇರಬೇಕು. ಇಲ್ಲದಿದ್ದರೆ ಕೆಲಸ ಯಡಿಯೂರಿನ ಯಾರೋ ಪ್ರೆಸ್ಸಿನವರ ಪಾಲು. ಈಗ ಗಂಟೆ ಮೂರೂವರೆ.

ಸಂಗಮೇಶ: ಇನ್ನೊಂದ ಹೇರ್‌ಪಿನ್ ಕೊಡು.

ಪ್ರಿಯಾಂಕಾ: ಮೂರನೇದು ಇದು. ಸಂಜಿತನಕ ನನ್ನ ತಲಿ ಬಿಚ್ಚಿ ಹೋಗ್ತೈತಿ.

ಸಂಗಮೇಶ: ಹಸರ ವೈರಿಗೂ ಕರೀ ವೈರಿಗೂ ಪಿನ್ ಕೂಡ್ಸಿದ್ರ ಇದರ ಫ್ಯಾನ್ ತಿರಗಬೇಕು. ತಿರಗವಲ್ದು. ಅಂಗಡ್ಯಾಗ ಮುತ್ತುರಾಜ ಒಂದ ತಂತಿ ಚೂರು ಸಿಗಿಸಿದ, ಗಿರ್ರಂತ ತಿರಗಿತು. ನಿನ್ನ ಪಿನ್ನೇ ಡೂಪ್ಲಿಕೇಟ್.

ಪ್ರಿಯಾಂಕಾ: ರ‍್ಯಾಮ್ ಆತು, ಡಬ್ಬಿ ಆತು, ಈಗ ನನ್ನ ಪಿನ್. ನನ್ನ ತವರುಮನಿ ಒಂದು ಉಳದೈತಿ, ಅದನ್ನೂ ಹೇಳಿಬಿಡ್ರಿ.

ಸಂಗಮೇಶ ತವರುಮನೆಯ ವಿಷಯಕ್ಕೆ ಹೋಗಲಿಲ್ಲ. ತಿಲಕ್ ನಗರದ ಮುತ್ತುರಾಜನ ಅಂಗಡಿಗೆ ಮೊಬೈಲಿನಲ್ಲಿ ಫೋನು ಮಾಡಿದ. ಮುತ್ತುರಾಜನ ಗಂಟಲು ದೊಡ್ಡದು, ಪ್ರಿಯಾಂಕಾಳಿಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಮುತ್ತುರಾಜ: ಗುರು, ಎರಡನ್ನೂ ನಿನ್ನೆದುರಿಗೇ ಓಡಿಸಿ ತೋರಿಸ್ದೆ. ಫ್ಯಾನ್ ತಿರುಗ್ತೋ ಇಲ್ವೋ?

ಸಂಗಮೇಶ: ತಿರಗಿತ್ರಿ. ನಿಮ್ಮ ಅಂಗಡ್ಯಾಗ ತಿರಗತಾವ, ನಮ್ಮನಿಗೆ ಬಂದಕೂಡ್ಲೆ ಸಾಯ್ತಾವ.

ಮುತ್ತುರಾಜ: ಹಂಗಾದ್ರೆ ನಿಮ್ಮನೇಲಿ ಏನೋ ಇದೆ. ಪ್ಲಗ್ಗಿಗೆ ಕರೆಂಟ್ ಬರ್ತಿದ್ಯಾ ನೋಡ್ದ್ಯಾ?

ಸಂಗಮೇಶ: ನನಗ ಹೇಳ್ಬ್ಯಾಡ್ರಿ. ನಾ ಕೋರ್ಸ್ ಮಾಡೀನಿ.

ಮುತ್ತುರಾಜ: ನಂಗೂ ಅದೇ ಭಯ ಗುರು.

ಫೋನು ಕಟ್ಟಾಯಿತು. ವಿದ್ಯೆಗೆ ಬೆಲೆಯಿಲ್ಲದ ಊರು ಇದು ಎಂದು ಸಂಗಮೇಶನಿಗೆ ನಿಜವಾಗಿಯೂ ಬೇಸರವಾಯಿತು.

ಪ್ರಿಯಾಂಕಾ: ಅವ ಹೇಳೋದು ಖರೇ ಐತ್ರಿ. ಮಿಕ್ಸರ್ ತರ್ತೀನಿ, ಆ ಪ್ಲಗ್ಗಿಗೆ ಹಚ್ಚಿ ನೋಡೂಣು.

ಸಂಗಮೇಶ: ಮ್ಯಾಲೆ ನೋಡು. ಏನ್ ಕಾಣತೈತಿ?

ಪ್ರಿಯಾಂಕಾ: ಟ್ಯೂಬ್‌ಲೈಟ್.

ಸಂಗಮೇಶ: ಉರಿಯಾಕತ್ತೈತೋ ಇಲ್ಲೋ?

ಪ್ರಿಯಾಂಕಾ: ಉರಿಯಾಕತ್ತೈತಿ.

ಸಂಗಮೇಶ: ಮನ್ಯಾಗ ಕರೆಂಟ್ ಇಲ್ದ ಲೈಟ್ ಉರಿಯಾಕ ಅದೇನು ಮಿಂಚುಹುಳಾ ಏನು? ಲೈಟ್ ಉರಿಯೋದ ಕಂಡೂ ಕರೆಂಟ್ ಹುಡುಕ್ತಾಳ.

ಪ್ರಿಯಾಂಕಾ: ಲೈಟಿನ ಲೈನ್ ಬ್ಯಾರೆ, ಪ್ಲಗ್ಗಿನ ಲೈನ್ ಬ್ಯಾರೆ ಇರತಾವಂತ. ಪಕ್ಕದ್ಮನಿ ಗೋವಿಂದಮ್ಮನವರು ಹೇಳಿದ್ರು.

ಸಂಗಮೇಶ: ಗೋವಿಂದಮ್ಮನವರು ಯಾವ ಇನ್‌ಸ್ಟಿಟ್ಯೂಟು?

ಅವಳು ಗಡಿಯಾರ ನೋಡಿದಳು. ಮತ್ತೆ ತಾಳ್ಮೆ ತಂದುಕೊಂಡು ಮೊದಲಿನಿಂದ ಶುರು ಮಾಡಿದಳು.

ಪ್ರಿಯಾಂಕಾ: ಮುಂಜಾನೆ ಇದು ಓಡಿತ್ತಲ್ರಿ. ನೀವಿಲ್ಲಿಂದ "ಹಚ್ಲೇನ?" ಅಂತ ಒದರಿದ್ರಿ. ನಾ ಅಡಗಿಮನಿಯಿಂದ "ಹಚ್ರಿ" ಅಂದೆ. "ಹಚ್ಚಿದೆ, ವಾಸನಿ ಬರಾಕತ್ತೈತಿ" ಅಂದ್ರಿ. "ಹೊಸಾ ಬಣ್ಣದ ವಾಸನಿ, ಬರ್ಲಿ ಬಿಡ್ರಿ" ಅಂದೆ. ಟಿವಿಯಾಗ ಅಕ್ಷರಾನೂ ಬಂದ್ವು. ಆಮ್ಯಾಲೆ ನೀವೇನ್ ಮುಟ್ಟಿದ್ರಿ?

ಸಂಗಮೇಶ: ಟಿವಿ ಅಲ್ಲ, ಮಾನಿಟರ್. ಏನೂ ಮುಟ್ಟಲಿಲ್ಲ. ತಾನ ಸತ್ತಿತು. ಈಗ ತಿಳೀತು ನನಗ ಯಾಕಂತ. ಇಲ್ಲಿ ನೋಡು.

ಅವನು ಸ್ಟೂಲಿನ ಮೇಲಿನ ಡಬ್ಬಿಯನ್ನು ತಿರುಗಿಸಿ ಬೆನ್ನು ತೋರಿಸಿದ. ಅಲ್ಲೊಂದು ಪುಟ್ಟ ಕೆಂಪು ಸ್ವಿಚ್ಚು. ಒಂದು ಕಡೆ ನಮ್ಮ ದೇಶದ ೨೩೦ ವೋಲ್ಟು, ಇನ್ನೊಂದು ಕಡೆ ಹೊರದೇಶದ ೧೧೫. ಯಾರೂ ಮುಟ್ಟದಿರಲೆಂದು ಮುತ್ತುರಾಜ ಅದನ್ನು ೨೩೦ಕ್ಕೆ ಇಟ್ಟು ಮೇಲೆ ಟೇಪು ಅಂಟಿಸಿದ್ದ. ಸಂಗಮೇಶ ಟೇಪನ್ನು ಉಗುರಿನಿಂದ ಕಿತ್ತ.

ಪ್ರಿಯಾಂಕಾ: ಅಂಟಿಸಿದ್ದು ಯಾಕ ಕೀಳ್ತೀರಿ?

ಸಂಗಮೇಶ: ಬಾಡಿಗಿ ಮನಿಗೆ ವೋಲ್ಟೇಜ್ ಕಮ್ಮಿ ಬರತೈತಿ. ಈ ಡಬ್ಬಿ ಇನ್ನೂರಾ ಮೂವತ್ತು ಬೇಕು ಅಂತ ಹಟಾ ಹಿಡದು ಕುಂತೈತಿ. ನೂರಾ ಹದಿನೈದಕ್ಕ ಇಟ್ರ ಇದ್ದಷ್ಟರಾಗ ಹೊಟ್ಟಿ ತುಂಬಸ್ಕೋತೈತಿ.

ಪ್ರಿಯಾಂಕಾ: ಕೋರ್ಸಿನ್ಯಾಗ ಹಂಗಂತ ಕಲಿಸ್ಯಾರೇನು?

ಸಂಗಮೇಶ: ಎಲ್ಲಾ ಕಲಸಂಗಿಲ್ಲ. ಕೆಲವೊಂದು ನಾವ ತಲಿ ಓಡಿಸಬೇಕಾಗ್ತೈತಿ.

ತಲೆ ಓಡಿತು. ಕೆಂಪು ಸ್ವಿಚ್ಚು ೧೧೫ಕ್ಕೆ ಜರುಗಿತು. ಹೇರ್‌ಪಿನ್ ಸಿಗಿಸಿ, ಪ್ಲಗ್ಗಿನ ಸ್ವಿಚ್ಚು ಒತ್ತಿದ. ಫ್ಯಾನು ಮಾತ್ರ ಅಲ್ಲಾಡಲಿಲ್ಲ. ಅಷ್ಟರಲ್ಲಿ ತೆರೆದ ಬಾಗಿಲಲ್ಲಿ ಚಿನ್ನಪ್ಪನವರು ನಿಂತಿದ್ದರು. ಲೇಔಟು ಹುಟ್ಟುವ ಮೊದಲೇ ಈ ಊರಲ್ಲಿ ಹುಟ್ಟಿದವರು. ಹೊಲವಿದ್ದ ಜಾಗದಲ್ಲಿ ಮೂರು ಮಹಡಿ ಎಬ್ಬಿಸಿ, ಅದರ ಒಂದೊಂದು ಇಟ್ಟಿಗೆಯನ್ನೂ ಹೆಸರು ಹಿಡಿದು ಕರೆಯಬಲ್ಲವರು.

ಚಿನ್ನಪ್ಪ: ಏನಮ್ಮಾ, ಕಾರ್ಡ್ ಎಲ್ಲಿಗೆ ಬಂತು?

ಪ್ರಿಯಾಂಕಾ: ಸ್ವಲ್ಪ ತಡ ಆಗ್ತಿದೆ ಅಂಕಲ್.

ಜಯನಗರದ ಟೈಪಿಂಗ್ ಕ್ಲಾಸಿನಲ್ಲಿ ಒಂದು ವರ್ಷ ಕಳೆದಿದ್ದ ಪ್ರಿಯಾಂಕಾ, ಬೆಂಗಳೂರಿನವರೊಡನೆ ಬೆಂಗಳೂರಿನ ಹಾಗೆಯೇ ಮಾತಾಡುತ್ತಿದ್ದಳು. ಸಂಗಮೇಶನಿಗೆ ಅದು ನಾಟಕವೆನಿಸುತ್ತಿತ್ತು. ಅವನು ಊರಿನ ಮಾತನ್ನು ಎಲ್ಲಿಯೂ ಬಿಟ್ಟವನಲ್ಲ.

ಸಂಗಮೇಶ: ಏನಿಲ್ರಿ ಅಂಕಲ್. ಪವರ್ ಸಪ್ಲೈ ಕೆಟ್ಟೈತ್ರಿ.

ಚಿನ್ನಪ್ಪ: ಏನಂದ್ರಿ? ನಮ್ಮನೆ ಸಪ್ಲೈ ಕೆಟ್ಟಿದ್ಯಾ? ಹದಿನೆಂಟ್ ವರ್ಷದಿಂದ ಬಾಡಿಗೆಗೆ ಕೊಡ್ತಿದೀನಿ, ಒಬ್ಬರೂ ಈ ಮಾತು ಆಡಿಲ್ಲ.

ಸಂಗಮೇಶ: ನಿಮ್ಮದಲ್ರಿ, ಈ ಡಬ್ಬಿ ಸಪ್ಲೈ.

ಚಿನ್ನಪ್ಪ: ಸಪ್ಲೈ ಡಬ್ಬೀಲಿ ಬರುತ್ತೇನ್ರೀ? ಕಂಬದಿಂದ ಬರುತ್ತೆ.

ಸಂಗಮೇಶ: ಕಂಬದ್ದು ಸರಿ ಐತ್ರಿ. ಇದು ಒಳಗಿನ ಸಪ್ಲೈ. ಇದು ಸತ್ತೈತಿ.

ಚಿನ್ನಪ್ಪ: ಮದುವೆ ಮನೆಯೋನು ಬಾಗಿಲಲ್ಲಿ ನಿಂತಿದೀನಿ, ಸತ್ತೋಯ್ತು ಸತ್ತೋಯ್ತು ಅಂತೀರಲ್ರೀ. ಆಗಲ್ಲ ಅಂದ್ರೆ ಆಗಲ್ಲ ಅನ್ನಿ. ಆ ಕಾಗದ ಕೊಡಮ್ಮಾ, ಯಡಿಯೂರಿಗೆ ಹೋಗ್ತೀನಿ.

ಪ್ರಿಯಾಂಕಾ ಮದುವೆಯ ಒಕ್ಕಣೆ ಬರೆದಿದ್ದ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕೊಡಲಿಲ್ಲ. ಸಂಗಮೇಶ ಮೊದಲ ಸಲ ಡಬ್ಬಿ ಬಿಟ್ಟು ಅವಳ ಮುಖ ನೋಡಿದ. ಸರ್ಟಿಫಿಕೇಟು ಗೋಡೆಯಲ್ಲಿ ಇದ್ದೇ ಇರುತ್ತದೆ, ಈ ಕೆಲಸ ಹೋದರೆ ಅವಳು ಇನ್ನೊಬ್ಬರನ್ನು ಕೇಳಲಾರಳು.

ಸಂಗಮೇಶ: ತಡೀರಿ ಅಂಕಲ್. ನಿಮ್ಮೆದುರಿಗೇ ಇನ್ನೊಮ್ಮೆ ಹಚ್ಚತೀನಿ, ನೋಡ್ರಿ.

ಚಿನ್ನಪ್ಪನವರು ಬಾಗಿಲಿಂದ ಎರಡು ಹೆಜ್ಜೆ ಹಿಂದೆ ಸರಿದರು.

ಚಿನ್ನಪ್ಪ: ಹಚ್ಚಬೇಡ್ರೀ.

ಸಂಗಮೇಶ: ಯಾಕ್ರಿ? ಹಚ್ಚದಿದ್ರ ಕಾರ್ಡ್ ಹೆಂಗಾಗ್ತೈತಿ?

ಚಿನ್ನಪ್ಪ: ಹಚ್ಚಿದ್ರೆ ಕಾರ್ಡ್ ಎಲ್ಲಿ ಉಳಿಯುತ್ತೆ? ನನ್ ಮನೆಯೇ ಉಳಿಯಲ್ಲ.

ಸಂಗಮೇಶ: ದಿನಾ ಹಚ್ಚತೀವಲ್ರಿ. ಫ್ಯಾನ್ ಹಚ್ಚತೀವಿ, ಮಿಕ್ಸರ್ ಹಚ್ಚತೀವಿ, ರಾತ್ರಿ ಟಿವಿ ಹಚ್ಚಿ ಮಕ್ಕೋತೀವಿ.

ಚಿನ್ನಪ್ಪ: ಟಿವಿ ಹಚ್ಚಿ ಮಲಗ್ತೀರಾ? ಅಯ್ಯೋ, ಎಂಥವರನ್ನ ಇಟ್ಕೊಂಡಿದೀನಪ್ಪಾ ನಾನು. ಬೆಳಿಗ್ಗೆ ಮೆಟ್ಟಿಲಲ್ಲಿ ಕಿವಿಯಾರೆ ಕೇಳಿಸ್ಕೊಂಡೆ. ಗಂಡ ಹಚ್ಲಾ ಅಂತಾನೆ, ಹೆಂಡ್ತಿ ಹಚ್ಚಿ ಅಂತಾಳೆ. ವಾಸನೆ ಬರ್ತಿದೆ ಅಂದ್ರೆ ಬರ್ಲಿ ಬಿಡಿ ಅಂತಾಳೆ.

ಪ್ರಿಯಾಂಕಾ ಕಾಗದವನ್ನು ಮೆಲ್ಲಗೆ ಮಂಚದ ಮೇಲಿಟ್ಟಳು.

ಪ್ರಿಯಾಂಕಾ: ಅಂಕಲ್, ಕೇಳಿಸ್ಕೊಂಡು ನೀವೇನ್ ಮಾಡಿದ್ರಿ?

ಚಿನ್ನಪ್ಪ: ಏನ್ ಮಾಡ್ಲಿ? ಹೊಸ ಸಾಮಾನಿಗೆ ಯಾಕೋ ಬೆಂಕಿ ಹಚ್ತಾವ್ರೆ, ಗಂಡ ಹೆಂಡ್ತಿ ಜಗಳ ಇರ್ಬೇಕು, ಮಧ್ಯೆ ಹೋಗ್ಬಾರ್ದು ಅನ್ಕೊಂಡೆ. ಕರೆಂಟಿನ ಬೆಂಕಿ ಆಗ್ಬಾರ್ದಲ್ಲ, ಅದಕ್ಕೆ ನಿಮ್ಮ ಪ್ಲಗ್ಗಿನ ಲೈನಿನ ಫ್ಯೂಸ್ ಕಿತ್ಕೊಂಡ್ ಬಂದೆ. ಕಾರ್ಡಿಗೂ ಅದೇ ಲೈನ್ ಬೇಕು ಅಂತ ನಂಗೇನ್ ಗೊತ್ತು? ಕತ್ತಲಾಗ್ಬಾರ್ದು ಅಂತ ಲೈಟಿಂದು ಬಿಟ್ಟಿದೀನಿ. ಅಷ್ಟು ಮನುಷ್ಯತ್ವ ಇದೆ ನಂಗೆ.

ಅವರು ಅಂಗಿಯ ಜೇಬಿನಿಂದ ಬಿಳಿ ಪಿಂಗಾಣಿಯ ಫ್ಯೂಸನ್ನು ತೆಗೆದು ಅಂಗೈಯಲ್ಲಿ ಹಿಡಿದರು. ಅದು ಮುಂಜಾನೆಯಿಂದ ಅವರ ಕನ್ನಡಕದ ಡಬ್ಬಿಯ ಜೊತೆಗಿತ್ತು. ಸಂಗಮೇಶ ಫ್ಯೂಸ್ ನೋಡಿದ, ಟ್ಯೂಬ್‌ಲೈಟ್ ನೋಡಿದ, ಆಮೇಲೆ ಎಲ್ಲಿ ನೋಡಬೇಕೆಂದು ತಿಳಿಯದೆ ತನ್ನ ಕಾಲಬೆರಳು ನೋಡಿದ.

ಪ್ರಿಯಾಂಕಾ: ನಮ್ ಕಡೆ ಹಚ್ಚೋದು ಅಂದ್ರೆ ಆನ್ ಮಾಡೋದು ಅಂಕಲ್. ಬೆಂಕಿ ಅಲ್ಲ.

ಚಿನ್ನಪ್ಪ: ಆನ್ ಮಾಡೋದಾ? ಮತ್ತೆ ಬೆಂಕಿಗೆ ಏನಂತೀರಾ?

ಪ್ರಿಯಾಂಕಾ: ಅದಕ್ಕೂ ಹಚ್ಚೋದು ಅಂತೀವಿ.

ಚಿನ್ನಪ್ಪ: ಮತ್ತೆ ನಾನ್ ಮಾಡಿದ್ದು ಏನ್ ತಪ್ಪು?

ಪ್ರಿಯಾಂಕಾ: ಏನೂ ತಪ್ಪಿಲ್ಲ. ಫ್ಯೂಸ್ ಹಾಕ್ಬಿಡಿ ಅಂಕಲ್, ಐದಕ್ಕೆ ಕಾರ್ಡ್ ಕೊಡ್ತೀನಿ.

ಚಿನ್ನಪ್ಪನವರು ಮೆಟ್ಟಿಲಿಳಿದರು. ಸಂಗಮೇಶನಿಗೆ ಹೋದ ಜೀವ ಬಂದಿತ್ತು. ಜೀವದ ಜೊತೆ ಗತ್ತೂ ಬಂತು.

ಸಂಗಮೇಶ: ನೋಡಿದಿ? ನನ್ನ ಜೋಡಣಿಯಾಗ ಒಂದ ತಪ್ಪಿಲ್ಲ. ಒಂದ ಸ್ಕ್ರೂ ತಪ್ಪಿಲ್ಲ. ಮುಂಜಾನಿಂದ ಹೇಳಾಕತ್ತೀನಿ.

ಪ್ರಿಯಾಂಕಾ: ಮುಂಜಾನಿಂದ ನೀವು ಹೇಳಿದ್ದು ಅದಲ್ಲ. ಅದಿರ್ಲಿ, ಆ ಕೆಂಪು ಸ್ವಿಚ್...

ಚಿನ್ನಪ್ಪ (ಕೆಳಗಿನಿಂದ): ಹಾಕ್ದೆ.

"ಡಬ್" ಎಂದಿತು. ಸ್ಟೂಲಿನ ಮೇಲಿದ್ದ ಡಬ್ಬಿಯಿಂದ ಒಂದು ಕಿಡಿ, ಹಿಂದೆಯೇ ಊದುಬತ್ತಿಯಂತೆ ನೆಟ್ಟಗೆ ಹೊಗೆ. ನೂರಾ ಹದಿನೈದಕ್ಕೆ ಹೊಟ್ಟೆ ತುಂಬಿಸಿಕೊಳ್ಳಲು ಕುಳಿತಿದ್ದ ಡಬ್ಬಿಗೆ ಇನ್ನೂರಾ ಮೂವತ್ತನ್ನು ಒಂದೇ ತುತ್ತಿಗೆ ತಿನ್ನಿಸಿದಂತಾಗಿತ್ತು. ಸಂಗಮೇಶ ಆರಿಸದೆ ಬಿಟ್ಟಿದ್ದ ಪ್ಲಗ್ಗಿನ ಸ್ವಿಚ್ಚನ್ನು ಪ್ರಿಯಾಂಕಾ ಓಡಿ ಆರಿಸಿದಳು. ಮೆಟ್ಟಿಲಲ್ಲಿ ಧಡಧಡ ಸದ್ದು. ಚಿನ್ನಪ್ಪನವರು ಒಂದು ಬಕೆಟ್ ಮರಳಿನೊಂದಿಗೆ ಬಾಗಿಲಲ್ಲಿ ಪ್ರತ್ಯಕ್ಷರಾದರು.

ಚಿನ್ನಪ್ಪ: ಈಗ ಹೇಳ್ರೀ. ಹಚ್ಚಿದ್ರಾ, ಇಲ್ವಾ?

ಸಂಗಮೇಶ ಬಾಯಿ ತೆರೆದ. ಯಾವ ಕಡೆಯ ಕನ್ನಡದಲ್ಲಿ ಹೇಳಿದರೂ ಉತ್ತರ ಒಂದೇ ಆಗಿತ್ತು.

ಸಂಗಮೇಶ: ಹಚ್ಚಿದೆ.

ಪ್ರಿಯಾಂಕಾ ಯಾರ ಮೇಲೂ ಸಿಟ್ಟಾಗಲಿಲ್ಲ, ಅದಕ್ಕೆ ಪುರಸೊತ್ತಿರಲಿಲ್ಲ. ಮಂಚದ ಮೇಲಿದ್ದ ಮೊದಲನೆಯ ಡಬ್ಬಿಯನ್ನು ಎತ್ತಿಕೊಂಡಳು. ಅದರ ಕೆಂಪು ಸ್ವಿಚ್ಚಿನ ಮೇಲೆ ಮುತ್ತುರಾಜನ ಟೇಪು ಅಂಟಿಸಿದ ಹಾಗೆಯೇ ಇತ್ತು. ನಿನ್ನೆಯೆಲ್ಲ ಗಂಡ ಜೋಡಿಸುವುದನ್ನು ಪಕ್ಕದಲ್ಲೇ ಕೂತು ನೋಡಿದ್ದಳು. ನಾಲ್ಕು ಸ್ಕ್ರೂ ಬಿಗಿದಳು, ದೊಡ್ಡ ವೈರು ದೊಡ್ಡ ಜಾಗಕ್ಕೆ, ಚಿಕ್ಕವು ಚಿಕ್ಕ ಜಾಗಕ್ಕೆ ಸೇರಿಸಿದಳು. ಸುಟ್ಟುಹೋಗಿದ್ದ ಫ್ಯೂಸಿಗೆ ಚಿನ್ನಪ್ಪನವರು ಹೊಸ ತಂತಿ ಸುತ್ತಿ ಹಾಕಿ ಬಂದರು. ಗಂಟೆ ನಾಲ್ಕೂ ಹತ್ತು.

ಸಂಗಮೇಶ: ತಡಿ, ನಾ ಒಮ್ಮೆ ಚೆಕ್ ಮಾಡಿ...

ಪ್ರಿಯಾಂಕಾ: ನೀವು ಅಲ್ಲಿ ಕುಂತು ಲೈಟ್ ಉರಿಯೋದ ನೋಡ್ಕೋತ ಇರ್ರಿ.

ಅವನು ಕೂತ. ಅವಳು ಗುಂಡಿಯ ಮೇಲೆ ಬೆರಳಿಟ್ಟು, ಓನರ್ ಹೆದರದಿರಲೆಂದು ಬೆಂಗಳೂರಿನ ಮಾತಿನಲ್ಲೇ ಕೇಳಿದಳು.

ಪ್ರಿಯಾಂಕಾ: ಆನ್ ಮಾಡ್ಲಾ ಅಂಕಲ್?

ಚಿನ್ನಪ್ಪನವರು ಮರಳಿನ ಬಕೆಟನ್ನು ಪ್ರಿಯಾಂಕಾಳ ಪಕ್ಕದಿಂದ ತೆಗೆದು, ಸಂಗಮೇಶನ ಪಕ್ಕಕ್ಕೆ ತಂದಿಟ್ಟರು.

ಚಿನ್ನಪ್ಪ: ಹಚ್ಚಮ್ಮಾ. ನೀನು ಹಚ್ಚಿದ್ರೆ ನಂಗೇನೂ ಭಯ ಇಲ್ಲ.